‘ಈ ಕಂಪನಿಗಳ ಇಂಕ್ ಪೆನ್ ಕೊಳ್ಳಲೇಬೇಡಿ’: ಫಾರ್ವರ್ಡ್ ಹೇಳುವುದು ಎಷ್ಟು ನಿಜ?

“ಈ ಐದು ಕಂಪನಿಗಳ ಫೌಂಟನ್ ಪೆನ್ ಅಪ್ಪಿತಪ್ಪಿಯೂ ಕೊಳ್ಳಬೇಡಿ. ದುಡ್ಡು ದಂಡ. ಎಲ್ಲರಿಗೂ ತಿಳಿಸಿ.”

ಇಂಥದ್ದೊಂದು ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಒಮ್ಮೆ ಪಟ್ಟಿಯಾಗಿ, ಒಮ್ಮೆ ಒಂದು ನಿಮಿಷದ ವಿಡಿಯೋ ಆಗಿ. ಅದೇ ಹೊತ್ತಿಗೆ ಇನ್ನೊಂದು ಗ್ರೂಪಿನಲ್ಲಿ “ಅಸಲಿ ಜರ್ಮನ್ ನಿಬ್ಬು, ಚಿನ್ನದ ಪೆನ್ನು, ಇವತ್ತು ಮಾತ್ರ 299 ರೂಪಾಯಿ” ಎಂಬ ಜಾಹೀರಾತೂ ಓಡಾಡುತ್ತಿರುತ್ತದೆ. ಮೊದಲನೆಯದನ್ನು ನಂಬಿ ಒಳ್ಳೆಯ ಪೆನ್ನು ಬಿಟ್ಟವರಿದ್ದಾರೆ. ಎರಡನೆಯದನ್ನು ನಂಬಿ ದುಡ್ಡು ಕಳೆದುಕೊಂಡವರೂ ಇದ್ದಾರೆ.

ಇಂಕ್ ಪೆನ್ನನ್ನು ನಾವು ಸುಮ್ಮನೆ ಕೊಳ್ಳುವುದು ಕಡಿಮೆ. ಎಸ್ಸೆಸ್ಸೆಲ್ಸಿ ಪಾಸಾದ ಮಗಳಿಗೆ, ನಿವೃತ್ತರಾಗುವ ಮೇಷ್ಟ್ರಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ ತಮ್ಮನಿಗೆ ಎಂದು ಕೊಳ್ಳುತ್ತೇವೆ. ಅಂಥ ಪೆನ್ನು ಎರಡನೇ ವಾರಕ್ಕೇ ಬರೆಯುವುದು ನಿಲ್ಲಿಸಿದರೆ ದುಡ್ಡಿನ ಜೊತೆ ಮನಸ್ಸಿಗೂ ನಷ್ಟ. ಹಾಗಾಗಿ ಈ ಪಟ್ಟಿಯ ಹಿಂದಿನ ಸತ್ಯವೇನು ಎಂದು ನೋಡೋಣ.

ಚುಟುಕಾಗಿ ಉತ್ತರ

ಪೆನ್ನಿನ ಹವ್ಯಾಸವಿರುವವರು ಕೆಲವು ಪೆನ್ನುಗಳನ್ನು ಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ಅವರು ದೂರ ಇಡುವುದು ಹೆಚ್ಚಾಗಿ ಪೆನ್ನಿನ ಕೆಲವು ಬಗೆಗಳನ್ನು. ತಯಾರಕರ ಹೆಸರೇ ಇಲ್ಲದ ಪೆನ್ನು, ಹೆಸರಾಂತ ಕಂಪನಿಯ ನಕಲಿ ಪೆನ್ನು, ಬಿಡಿಭಾಗ ಸಿಗದ ಪೆನ್ನು, ಮುಚ್ಚಳ ಸರಿಯಾಗಿ ಕೂರದ ಪೆನ್ನು, ಹೊರಗಿನ ಹೊಳಪಿಗಷ್ಟೇ ಬೆಲೆ ಕಟ್ಟಿದ ಪೆನ್ನು. ಒಂದು ಕಂಪನಿಯ ಎಲ್ಲ ಪೆನ್ನೂ ಕೆಟ್ಟದ್ದು ಎಂದು ಸಾರಾಸಗಟಾಗಿ ಹೇಳುವುದು ಬಹುತೇಕ ಸಂದರ್ಭಗಳಲ್ಲಿ ತಪ್ಪು. ಇನ್ನು, ‘ಕೆಟ್ಟ ಕಂಪನಿ’ ಎಂಬ ಬೈಗುಳ ತಿನ್ನುವ ಎಷ್ಟೋ ಪೆನ್ನುಗಳಿಗೆ ಬೇಕಾಗಿರುವುದು ಒಂದು ಲೋಟ ತಣ್ಣೀರು ಮಾತ್ರ.

ಏಕೆ ಎಂದು ತಿಳಿಯಲು ಪೆನ್ನಿನ ಒಳಗೆ ಒಮ್ಮೆ ಇಣುಕಬೇಕು.

ಇಂಕ್ ಪೆನ್ನು ಬರೆಯುವುದು ಹೇಗೆ?

ಶಾಲೆಯಲ್ಲಿ ಇಂಕು ಚೆಲ್ಲಿದಾಗ ಅದರ ಮೇಲೆ ಚಾಕ್‌ಪೀಸ್ ಇಟ್ಟದ್ದು ನೆನಪಿದೆಯೇ? ಇಂಕು ತಾನಾಗಿಯೇ ಚಾಕಿನೊಳಗೆ ಏರುತ್ತಿತ್ತು. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದೂ ಹೀಗೆಯೇ. ತೀರಾ ಕಿರಿದಾದ ಸಂದುಗಳಲ್ಲಿ ದ್ರವ ತಾನಾಗಿ ಸಾಗುವ ಈ ಗುಣಕ್ಕೆ ವಿಜ್ಞಾನದಲ್ಲಿ ಲೋಮನಾಳ ಕ್ರಿಯೆ ಎಂಬ ಹೆಸರಿದೆ. ಇಂಕ್ ಪೆನ್ನಿನ ಗುಟ್ಟೂ ಇದೇ.

ನಿಬ್ಬಿನ ನಡುವೆ ಕೂದಲೆಳೆಯಂಥ ಒಂದು ಸೀಳಿದೆ. ನಿಬ್ಬಿನ ಕೆಳಗೆ ಅಂಟಿಕೊಂಡಂತೆ ಸಾಮಾನ್ಯವಾಗಿ ಕಪ್ಪು ಬಣ್ಣದ ಒಂದು ತುಂಡಿದೆ. ಅದನ್ನು ಫೀಡ್ ಎನ್ನುತ್ತಾರೆ. ಅದರಲ್ಲಿ ಸಣ್ಣ ಕಾಲುವೆಗಳಿವೆ. ಆ ದಾರಿಯಲ್ಲಿ ಇಂಕು ಹೊರಗೆ ಬರುತ್ತದೆ, ಬಂದ ಇಂಕಿನ ಜಾಗ ತುಂಬಲು ಗಾಳಿ ಒಳಗೆ ಹೋಗುತ್ತದೆ. ಗಾಳಿ ಕಡಿಮೆಯಾದರೆ ಪೆನ್ನು ನಡುವೆಯೇ ನಿಲ್ಲುತ್ತದೆ, ಹೆಚ್ಚಾದರೆ ಕಾಗದದ ಮೇಲೆ ಇಂಕು ಕಕ್ಕುತ್ತದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಕು ಮತ್ತು ಗಾಳಿಯ ಈ ಕೊಡುಕೊಳ್ಳುವಿಕೆಯನ್ನು ಹದದಲ್ಲಿಡುವ ಫೀಡಿಗೇ.

ಅಂದರೆ ಪೆನ್ನು ಚೆನ್ನಾಗಿ ಬರೆಯಬೇಕಾದರೆ ಮೂರು ಭಾಗ ಸರಿಯಿರಬೇಕು. ನಿಬ್ಬಿನ ತುದಿ ಸಮನಾಗಿ ಉಜ್ಜಿರಬೇಕು. ಫೀಡು ನಿಬ್ಬಿಗೆ ಸರಿಯಾಗಿ ತಾಗಿರಬೇಕು. ಬರೆಯದಿರುವಾಗ ಇಂಕು ಒಣಗದಂತೆ ಮುಚ್ಚಳ ಬಿಗಿಯಾಗಿ ಕೂರಬೇಕು. ಈ ಮೂರರಲ್ಲಿ ಒಂದು ಕೆಟ್ಟರೂ, ಎಷ್ಟೇ ದೊಡ್ಡ ಕಂಪನಿಯ ಪೆನ್ನಾದರೂ ಕೈಕೊಡುತ್ತದೆ.

ಹೆಸರು ನೋಡಿದರೆ ಸಾಲದೇ?

ಸಾಲದು. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಎಲ್ಲ ಪೆನ್ ಕಂಪನಿಗಳೂ ನಿಬ್ಬು ತಯಾರಿಸುವುದಿಲ್ಲ. ನಿಬ್ಬು ಮಾಡುವುದು ಬೇರೆಯದೇ ಕಸುಬು. ಜರ್ಮನಿಯ ಯೋವೋ, ಬಾಕ್ ಮುಂತಾದ ಕಂಪನಿಗಳು ನಿಬ್ಬು ತಯಾರಿಸಿ ಬೇರೆ ಬೇರೆ ದೇಶಗಳ ಪೆನ್ ಕಂಪನಿಗಳಿಗೆ ಕೊಡುವುದಕ್ಕೇ ಹೆಸರಾಗಿವೆ. ಹಾಗಾಗಿ ಸಾವಿರಾರು ರೂಪಾಯಿ ಅಂತರವಿರುವ ಎರಡು ಪೆನ್ನುಗಳಲ್ಲಿ ಒಂದೇ ಕಾರ್ಖಾನೆಯ ನಿಬ್ಬು ಇರುವುದು ಅಪರೂಪವೇನಲ್ಲ. ನೀವು ಹೆಚ್ಚು ಕೊಟ್ಟ ದುಡ್ಡು ಪೆನ್ನಿನ ಮೈಗೆ, ಕುಸುರಿಗೆ, ಹೆಸರಿಗೆ ಹೋಗಿರುತ್ತದೆ. ಅದು ತಪ್ಪೆಂದಲ್ಲ. ಆದರೆ ಬರವಣಿಗೆ ಅಷ್ಟೇ ಪಟ್ಟು ಚೆನ್ನಾಗಿರುತ್ತದೆ ಎಂದುಕೊಳ್ಳಬಾರದು.

ಎರಡನೆಯದು, ಕಂಪನಿಗಳು ಕೈ ಬದಲಾಯಿಸುತ್ತವೆ. ಅಮೆರಿಕದಲ್ಲಿ 1888ರಲ್ಲಿ ಶುರುವಾದ ಪಾರ್ಕರ್ 1993ರಲ್ಲಿ ಜಿಲೆಟ್ ಕಂಪನಿಯ ಪಾಲಾಯಿತು, 2000ದಲ್ಲಿ ನ್ಯೂವೆಲ್ ಕಂಪನಿಗೆ ಹೋಯಿತು. ಇನ್ನೊಂದು ಪ್ರಸಿದ್ಧ ಅಮೆರಿಕನ್ ಹೆಸರಾದ ಶೇಫರ್ 1997ರಲ್ಲಿ ಬಿಕ್, 2014ರಲ್ಲಿ ಕ್ರಾಸ್, ಕೊನೆಗೆ 2022ರಲ್ಲಿ ನಮ್ಮ ಬೆಂಗಳೂರಿನ ವಿಲಿಯಂ ಪೆನ್ ಕಂಪನಿಯ ಕೈಗೆ ಬಂತು. ತಾತ ಬಳಸಿದ ಪೆನ್ನಿನ ಮೇಲಿದ್ದ ಹೆಸರೂ ಇಂದು ಅಂಗಡಿಯಲ್ಲಿರುವ ಪೆನ್ನಿನ ಹೆಸರೂ ಒಂದೇ ಆಗಿರಬಹುದು. ಆದರೆ ಅದನ್ನು ಮಾಡಿದ ಕಾರ್ಖಾನೆ, ಕೈ, ಕಾಲ ಎಲ್ಲ ಬೇರೆ. ‘ಆ ಕಂಪನಿ ಅಂದ್ರೆ ಕಣ್ಣು ಮುಚ್ಚಿ ತಗೋಬಹುದು’ ಎಂಬ ಮಾತೂ, ‘ಆ ಕಂಪನಿ ಹತ್ತಿರಕ್ಕೂ ಹೋಗಬೇಡಿ’ ಎಂಬ ಮಾತೂ ಇದೇ ಕಾರಣಕ್ಕೆ ಅರ್ಧಸತ್ಯ.

ಹಾಗಾದರೆ ಹವ್ಯಾಸಿಗಳು ದೂರ ಇಡುವುದು ಯಾವುದನ್ನು?

1. ತಯಾರಕರ ಹೆಸರಿಲ್ಲದ ‘ಜರ್ಮನ್ ನಿಬ್ಬು’

ಫುಟ್‌ಪಾತಿನಲ್ಲಿ, ಉಡುಗೊರೆ ಅಂಗಡಿಗಳಲ್ಲಿ, ಆನ್‌ಲೈನ್ ಮಾರಾಟದಲ್ಲಿ ಸಿಗುವ ಅನೇಕ ಅಗ್ಗದ ಪೆನ್ನುಗಳ ನಿಬ್ಬಿನ ಮೇಲೆ ‘ಇರಿಡಿಯಂ ಪಾಯಿಂಟ್ ಜರ್ಮನಿ’ ಎಂದು ಇಂಗ್ಲಿಷಿನಲ್ಲಿ ಕೆತ್ತಿರುತ್ತದೆ. ನೋಡಿದವರು ಜರ್ಮನಿಯ ಮಾಲೆಂದೇ ತಿಳಿಯುತ್ತಾರೆ.

ಆದರೆ ಅದು ಯಾವ ಕಂಪನಿಯ ಹೆಸರೂ ಅಲ್ಲ. ಈ ಬರಹವಿರುವ ಎಷ್ಟೋ ನಿಬ್ಬುಗಳು ಜರ್ಮನಿಯ ಮುಖವನ್ನೇ ಕಂಡಿಲ್ಲ. ಏಷ್ಯಾದ ಕಾರ್ಖಾನೆಗಳಲ್ಲೇ ತಯಾರಾಗಿ ಬರುತ್ತವೆ. ಇರಿಡಿಯಂ ಎಂಬುದೂ ಈಗ ಹೆಸರಿಗಷ್ಟೇ. ಹಿಂದೆ ನಿಬ್ಬಿನ ತುದಿ ಸವೆಯದಿರಲೆಂದು ಆಸ್ಮಿಯಂ ಮತ್ತು ಇರಿಡಿಯಂ ಬೆರೆತ ಗಟ್ಟಿ ಲೋಹದ ಕಣವನ್ನು ಬೆಸೆಯುತ್ತಿದ್ದರು. ಈಗ ಬಹುಪಾಲು ನಿಬ್ಬುಗಳಲ್ಲಿ ಟಂಗ್‌ಸ್ಟನ್, ರುಥೇನಿಯಂ, ರೀನಿಯಂನಂಥ ಬೇರೆ ಲೋಹಗಳ ಮಿಶ್ರಣವಿರುತ್ತದೆ. ಅದರಿಂದ ಬರವಣಿಗೆಗೆ ನಷ್ಟವೇನಿಲ್ಲ.

ಇಂಥ ಪೆನ್ನುಗಳಲ್ಲಿ ಒಂದು ಬೆಣ್ಣೆಯಂತೆ ಬರೆಯಬಹುದು, ಅದೇ ಪೆಟ್ಟಿಗೆಯ ಇನ್ನೊಂದು ಹಾಳೆ ಕೀರಬಹುದು. ನಿಜವಾದ ತೊಂದರೆ ಇರುವುದು ಇಲ್ಲಿ: ಕೆಟ್ಟರೆ ಕೇಳಲು ಯಾರೂ ಇಲ್ಲ. ಹವ್ಯಾಸಿಗಳು ಮೊದಲು ಕೈಬಿಡುವುದು ಇದನ್ನೇ.

2. ಹೆಸರಾಂತ ಕಂಪನಿಯ ನಕಲಿ

ಮೋಂಬ್ಲಾಂ ಪೆನ್ನುಗಳ ನಕಲಿ ಜಗತ್ತಿನೆಲ್ಲೆಡೆ ಸಿಗುತ್ತದೆ. ಪಾರ್ಕರ್‌ನ ಸಾನೆಟ್ ಮಾದರಿಯ ನಕಲಿಯಂತೂ ಹವ್ಯಾಸಿಗಳ ವಲಯದಲ್ಲಿ ಕುಖ್ಯಾತ. ಕೆಲವು ನಕಲಿಗಳು ಪೆಟ್ಟಿಗೆ, ಗ್ಯಾರಂಟಿ ಚೀಟಿ ಸಮೇತ ಬರುತ್ತವೆ. ನೋಡಲು ಅಸಲಿಯಂತೆಯೇ ಇರುತ್ತವೆ.

ಇದರಿಂದ ಹುಟ್ಟುವ ಇನ್ನೊಂದು ಗೊಂದಲವಿದೆ. ನಕಲಿ ಪೆನ್ನು ಕೊಂಡವರಿಗೆ ಅದು ನಕಲಿ ಎಂದೇ ಗೊತ್ತಿರುವುದಿಲ್ಲ. ಅದು ಸೋರಿದಾಗ “ಇಷ್ಟು ದೊಡ್ಡ ಕಂಪನಿ, ಎಂಥ ಕಳಪೆ ಪೆನ್ನು!” ಎಂದು ಫೋಟೋ ಹಾಕುತ್ತಾರೆ. ‘ಕೊಳ್ಳಬೇಡಿ’ ಪಟ್ಟಿಗೆ ಅಸಲಿ ಕಂಪನಿಯ ಹೆಸರು ಸೇರಿಬಿಡುತ್ತದೆ.

ಇದಕ್ಕೆ ಪರಿಹಾರ ಸರಳ. ದೊಡ್ಡ ಹೆಸರಿನ ಪೆನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿದ್ದರೆ ಅನುಮಾನಿಸಿ. ಕಂಪನಿಯ ಜಾಲತಾಣದಲ್ಲಿ ಹೆಸರಿರುವ ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಿ. ಬಿಲ್ ಪಡೆಯಿರಿ. ಫೋಟೋ ನೋಡಿ ಅಸಲಿ ನಕಲಿ ಹೇಳುವುದು ಅನುಭವಿಗಳಿಗೂ ಕಷ್ಟ.

3. ‘ಚಿನ್ನದ ನಿಬ್ಬು’ ಎಂಬ ಮಾತಿನ ಆಟ

ನಿಬ್ಬಿನ ಮೇಲೆ 14ಕೆ ಅಥವಾ 585 ಎಂದಿದ್ದರೆ 14 ಕ್ಯಾರಟ್ ಚಿನ್ನ. ಸಾವಿರ ಪಾಲಿನಲ್ಲಿ 585 ಪಾಲು ಚಿನ್ನ ಎಂದರ್ಥ. 18ಕೆ ಅಥವಾ 750 ಎಂದಿದ್ದರೆ 18 ಕ್ಯಾರಟ್. ಆದರೆ ಆ ಅಂಕಿಯ ಮುಂದೆ ಇಂಗ್ಲಿಷಿನ ‘ಜಿಪಿ’ ಎಂಬ ಎರಡು ಅಕ್ಷರಗಳಿದ್ದರೆ ಕತೆಯೇ ಬೇರೆ. ಅದು ಗೋಲ್ಡ್ ಪ್ಲೇಟೆಡ್, ಎಂದರೆ ಉಕ್ಕಿನ ನಿಬ್ಬಿಗೆ ಚಿನ್ನದ ತೆಳು ಲೇಪ. ‘18ಕೆ ಜಿಪಿ’ ಎಂಬುದನ್ನು ‘18 ಕ್ಯಾರಟ್ ಚಿನ್ನ’ ಎಂದು ಮಾರುವವರಿದ್ದಾರೆ.

ಒಂದು ಸಣ್ಣ ಲೆಕ್ಕ ಹಾಕಿ. ಚಿನ್ನದ ನಿಬ್ಬಿನಲ್ಲಿ ಅರ್ಧ ಗ್ರಾಂ ಲೋಹವಿದ್ದರೂ ಇಂದಿನ ದರದಲ್ಲಿ ಅದರ ಬೆಲೆಯೇ ಸಾವಿರಾರು ರೂಪಾಯಿ. 299 ರೂಪಾಯಿಗೆ ಚಿನ್ನದ ನಿಬ್ಬು ಸಿಗುವುದಿಲ್ಲ.

ಹಾಗೆಂದು ಉಕ್ಕಿನ ನಿಬ್ಬು ಕಳಪೆಯೇನಲ್ಲ. ಹಿಂದೆ ಇಂಕುಗಳಲ್ಲಿ ಆಮ್ಲದ ಅಂಶ ಹೆಚ್ಚಿದ್ದು, ಉಕ್ಕು ತುಕ್ಕು ಹಿಡಿಯುತ್ತಿತ್ತು. ಚಿನ್ನಕ್ಕೆ ಆ ಭಯವಿರಲಿಲ್ಲ. ಇಂದಿನ ಸ್ಟೇನ್‌ಲೆಸ್ ಸ್ಟೀಲ್ ಆ ಸಮಸ್ಯೆಯನ್ನು ಬಹುಮಟ್ಟಿಗೆ ನೀಗಿಸಿದೆ. ಕಾಗದಕ್ಕೆ ತಾಗುವುದು ತುದಿಯ ಗಟ್ಟಿ ಲೋಹವೇ ಹೊರತು ಚಿನ್ನವಲ್ಲ. ಲೇಪದ ನಿಬ್ಬು ಚೆನ್ನಾಗಿ ಬರೆಯುತ್ತಿದ್ದರೆ ಕೊಳ್ಳಿ. ಚಿನ್ನದ ಬೆಲೆ ಮಾತ್ರ ಕೊಡಬೇಡಿ.

4. ಪೆಟ್ಟಿಗೆ ದೊಡ್ಡದು, ಪೆನ್ನು ಸಣ್ಣದು

ಮಖಮಲ್ ಪೆಟ್ಟಿಗೆಯಲ್ಲಿ ಪೆನ್ನು, ಕೀ ಚೈನು, ಕಾರ್ಡ್ ಹೋಲ್ಡರ್ ಜೋಡಿಸಿಟ್ಟ ಉಡುಗೊರೆ ಸೆಟ್ಟುಗಳನ್ನು ಬೀಳ್ಕೊಡುಗೆ ಸಮಾರಂಭಗಳಲ್ಲಿ ನೋಡಿರುತ್ತೀರಿ. ಕಾರು, ಬಟ್ಟೆ, ವಾಚಿನ ಬ್ರ್ಯಾಂಡುಗಳ ಹೆಸರಿನಲ್ಲಿಯೂ ಪೆನ್ನುಗಳು ಬರುತ್ತವೆ. ಇವುಗಳಲ್ಲಿ ದುಡ್ಡು ಬಹುಪಾಲು ಪೆಟ್ಟಿಗೆಗೆ ಮತ್ತು ಲಾಂಛನಕ್ಕೆ ಹೋಗಿರುತ್ತದೆ. ಮೈ ದಪ್ಪ ಲೋಹದ್ದಾದರೆ ಭಾರ ಹೆಚ್ಚು, ಎರಡು ಪುಟ ಬರೆಯುವಷ್ಟರಲ್ಲಿ ಬೆರಳು ನೋಯುತ್ತದೆ. ಬರೆಯಲೆಂದು ಕೊಡುವ ಉಡುಗೊರೆಯಾದರೆ ಇದನ್ನು ಬಿಟ್ಟು ಅದೇ ದುಡ್ಡಿಗೆ ಪೆನ್ ತಯಾರಿಕೆಯೇ ಕಸುಬಾದವರ ಸಾದಾ ಪೆನ್ನು ಮತ್ತು ಒಂದು ಬಾಟಲಿ ಇಂಕು ಕೊಡುವುದು ಮೇಲು.

5. ಬಿಡಿಭಾಗ ಸಿಗದ್ದು

ಇಂಕು ತುಂಬಿದ ಕಾರ್ಟ್ರಿಜ್‌ಗಳಲ್ಲಿ ಹಲವು ಕಂಪನಿಗಳು ಒಪ್ಪಿಕೊಂಡ ಒಂದು ಸಾಮಾನ್ಯ ಅಳತೆಯಿದೆ. ಆದರೆ ಪಾರ್ಕರ್, ಲ್ಯಾಮಿ, ಪೈಲಟ್, ಪ್ಲಾಟಿನಂ, ಸೈಲರ್ ತಮ್ಮದೇ ಅಳತೆ ಇಟ್ಟುಕೊಂಡಿವೆ. ಇದು ದೋಷವಲ್ಲ. ಆದರೆ ನಿಮ್ಮ ಊರಿನಲ್ಲಿ ಆ ಕಾರ್ಟ್ರಿಜ್ ಸಿಗದಿದ್ದರೆ ಒಳ್ಳೆಯ ಪೆನ್ನೂ ಪೆಟ್ಟಿಗೆ ಸೇರುತ್ತದೆ. ಬಾಟಲಿಯಿಂದ ಇಂಕು ಎಳೆದುಕೊಳ್ಳುವ ಕನ್ವರ್ಟರ್ ಜೊತೆಗೇ ಬರುತ್ತದೆಯೇ ಎಂದು ಕೊಳ್ಳುವ ಮುನ್ನ ಕೇಳಿ.

6. ಮುಚ್ಚಳ ಸರಿಯಿಲ್ಲದ್ದು

ಎರಡು ದಿನ ಮುಚ್ಚಿಟ್ಟು ತೆಗೆದರೆ ಬರೆಯದ ಪೆನ್ನು ಯಾರಿಗೂ ಬೇಡ. ಒಳ್ಳೆಯ ಮುಚ್ಚಳದೊಳಗೆ ನಿಬ್ಬನ್ನು ಸುತ್ತಿ ಮುಚ್ಚುವ ಇನ್ನೊಂದು ಪದರವಿರುತ್ತದೆ. ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಜಪಾನಿನ ಪ್ಲಾಟಿನಂ ಕಂಪನಿಯ ಅತಿ ಅಗ್ಗದ ಪೆನ್ನಾದ ಪ್ರೆಪಿ, ಬಳಸದೆ ತಿಂಗಳುಗಟ್ಟಲೆ ಇಟ್ಟರೂ ಬರೆಯುತ್ತದೆ ಎಂಬ ಕಾರಣಕ್ಕೇ ಹವ್ಯಾಸಿಗಳಿಗೆ ಅಚ್ಚುಮೆಚ್ಚು.

ಅಂದಹಾಗೆ, ಕೆಲವು ಮುಚ್ಚಳಗಳ ಮೇಲೆ ಸಣ್ಣ ರಂಧ್ರವಿರುತ್ತದೆ. ಅದನ್ನು ತಯಾರಿಕೆಯ ದೋಷ ಎನ್ನಬೇಡಿ. ಮಕ್ಕಳು ಮುಚ್ಚಳ ನುಂಗಿ ಗಂಟಲಿಗೆ ಸಿಕ್ಕಿಕೊಂಡರೆ ಉಸಿರಾಡಲು ದಾರಿಯಿರಲಿ ಎಂದು ಇಟ್ಟ ರಂಧ್ರ ಅದು.

ಚೀನಾ ಪೆನ್ನು ಎಂದರೆ ಕಳಪೆಯೇ?

‘ಕೊಳ್ಳಬೇಡಿ’ ಪಟ್ಟಿಗಳಲ್ಲಿ ಚೀನಾದ ಹೆಸರುಗಳಿಗೆ ಖಾಯಂ ಜಾಗ. ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಸಿಟ್ಟಿದೆ.

ನಿಜವೇನೆಂದರೆ ನಕಲು. ಹೀರೋ 616 ನೋಡಿದವರಿಗೆ ಪಾರ್ಕರ್ 51 ನೆನಪಾಗುತ್ತದೆ. ಜಿನ್‌ಹಾವ್ 599, ಜರ್ಮನಿಯ ಲ್ಯಾಮಿ ಸಫಾರಿಯ ಪಡಿಯಚ್ಚು. ಜಿನ್‌ಹಾವ್ 82, ಜಪಾನಿನ ಸೈಲರ್ ಪೆನ್ನಿನ ರೂಪ ಹೊತ್ತಿದೆ. ಬೇರೆಯವರು ವರ್ಷಗಟ್ಟಲೆ ಕೂತು ರೂಪಿಸಿದ ವಿನ್ಯಾಸವನ್ನು ಎತ್ತಿಕೊಂಡ ಪೆನ್ನು ನನಗೆ ಬೇಡ ಎನ್ನುವ ಹವ್ಯಾಸಿಗಳಿದ್ದಾರೆ. ಅದು ಅವರ ನ್ಯಾಯದ ಪ್ರಶ್ನೆ, ಗೌರವಿಸಬೇಕಾದದ್ದು. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ತನ್ನದೇ ಹೆಸರು ಹಾಕಿಕೊಂಡು ಬೇರೆಯವರ ರೂಪ ಅನುಕರಿಸುವುದು ಒಂದು, ಬೇರೆಯವರ ಹೆಸರನ್ನೇ ಕೆತ್ತಿ ಮಾರುವುದು ಇನ್ನೊಂದು. ಎರಡನೆಯದು ನೇರ ಮೋಸ.

ಆದರೆ ಇದೇ ಕಂಪನಿಗಳ ಪೆನ್ನು ಬರೆಯುವುದೇ ಇಲ್ಲ ಎನ್ನುವುದು ಸುಳ್ಳು. ನಮ್ಮಲ್ಲಿ ಒಂದು ತಲೆಮಾರಿಗೆ ಹೀರೋ ಪೆನ್ನು ಎಂದರೆ ಜೇಬಿನ ಗತ್ತು. ಅದನ್ನು ಇಟ್ಟುಕೊಂಡು ಪರೀಕ್ಷೆ ಬರೆದವರು ಈಗಲೂ ನೆನೆಯುತ್ತಾರೆ. ವಿಚಿತ್ರವೆಂದರೆ, ಇನ್ನೊಂದನ್ನು ನೋಡಿ ಮಾಡಿದ ಹೀರೋ 616ಕ್ಕೇ ಮಾರುಕಟ್ಟೆಯಲ್ಲಿ ನಕಲಿಗಳು ಬಂದವು! ಜಿನ್‌ಹಾವ್‌ನ ಕೆಲವು ಮಾದರಿಗಳನ್ನು ‘ಮೊದಲ ಇಂಕ್ ಪೆನ್ನಿಗೆ ಪರವಾಗಿಲ್ಲ’ ಎಂದು ಸೂಚಿಸುವ ಹವ್ಯಾಸಿಗಳೂ ಇದ್ದಾರೆ. ಇಂಥ ಅಗ್ಗದ ಪೆನ್ನುಗಳ ಮುಖ್ಯ ಕೊರತೆ ಒಂದೇ: ಒಂದಿದ್ದಂತೆ ಇನ್ನೊಂದಿರುವುದಿಲ್ಲ. ಬರೆದು ನೋಡಿ ಕೊಳ್ಳುವ ಅವಕಾಶವಿದ್ದರೆ ಭಯವಿಲ್ಲ.

ಹಾಗೆಯೇ ಒಳ್ಳೆಯ ಹೆಸರಿರುವ ಕಂಪನಿಗಳಿಗೂ ದೂರು ತಪ್ಪಿದ್ದಲ್ಲ. ತೈವಾನಿನ ಟ್ವಿಸ್‌ಬಿ ಪೆನ್ನುಗಳ ಕೆಲವು ಪಾರದರ್ಶಕ ಮಾದರಿಗಳಲ್ಲಿ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ ಎಂಬ ದೂರು ಹವ್ಯಾಸಿಗಳಲ್ಲಿ ಹಳೆಯದು. ಅದನ್ನು ತುಂಬ ಮೆಚ್ಚುವವರೂ ಅದೇ ಹವ್ಯಾಸಿಗಳೇ.

ನಮ್ಮ ದೇಶದ ಪೆನ್ನುಗಳು ಸೋರುತ್ತವೆಯೇ?

‘ಇಂಡಿಯನ್ ಪೆನ್ನು ಜೇಬು ಹಾಳು ಮಾಡುತ್ತೆ’ ಎಂಬ ಇನ್ನೊಂದು ಮಾತಿದೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಆಂಧ್ರದ ರಾಜಮಂಡ್ರಿಯ ರತ್ನಂ ಪೆನ್ನುಗಳದ್ದು 1930ರ ದಶಕದಿಂದ ಬಂದ ಹೆಸರು. ಸ್ವದೇಶಿ ಚಳವಳಿಯ ಕಾಲದಲ್ಲಿ ತಯಾರಾದ ಈ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಪತ್ರ ಬರೆದಿದ್ದರು. ಹೈದರಾಬಾದಿನ ಡೆಕ್ಕನ್, ತಮಿಳುನಾಡಿನ ರಂಗ, ಗಾಮಾ ಮುಂತಾದ ಹೆಸರುಗಳು ವಿದೇಶದ ಹವ್ಯಾಸಿಗಳಿಗೂ ಪರಿಚಿತ. ಇವರ ಅನೇಕ ಪೆನ್ನುಗಳನ್ನು ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕೋಲನ್ನು ಲೇತಿನಲ್ಲಿ ಕಡೆದು ಕೈಯಲ್ಲೇ ಮಾಡುತ್ತಾರೆ.

ಇಂಥ ಹಲವು ಪೆನ್ನುಗಳಲ್ಲಿ ಕಾರ್ಟ್ರಿಜ್ ಇರುವುದಿಲ್ಲ. ಡ್ರಾಪರಿನಿಂದ ಪೆನ್ನಿನ ಹೊಟ್ಟೆಗೇ ನೇರವಾಗಿ ಇಂಕು ತುಂಬಬೇಕು. ಲಾಭವೆಂದರೆ ಇಂಕು ಬಹಳ ಹಿಡಿಸುತ್ತದೆ. ಆದರೆ ಇಂಕು ಖಾಲಿಯಾಗುತ್ತಾ ಬಂದಂತೆ ಒಳಗೆ ಗಾಳಿಯ ಜಾಗ ದೊಡ್ಡದಾಗುತ್ತದೆ. ಕೈಯ ಬಿಸಿ ತಾಗಿದಾಗ ಆ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ, ಟಪ್ ಎಂದು ಹನಿ ಬೀಳುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದು ಭೌತವಿಜ್ಞಾನದ ನಿಯಮ. ಅದರಲ್ಲಿ ಕಂಪನಿಯ ಕೈವಾಡವಿಲ್ಲ. ಇಂಕು ಮೂರನೇ ಒಂದು ಭಾಗಕ್ಕೆ ಇಳಿದಾಗಲೇ ಮತ್ತೆ ತುಂಬಿ, ಜೇಬಿನಲ್ಲಿ ನಿಬ್ಬು ಮೇಲಿರುವಂತೆ ಇಡಿ. ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ವಿಮಾನ ಮೇಲೇರುವಾಗ ಪೆನ್ನು ಸೋರುವುದಕ್ಕೂ ಕಾರಣ ಇದೇ ಬಗೆಯದು. ಹೊರಗಿನ ಒತ್ತಡ ಇಳಿದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಪ್ರಯಾಣಕ್ಕೆ ಮುಂಚೆ ಪೆನ್ನನ್ನು ಪೂರ್ತಿ ತುಂಬಿ, ಇಲ್ಲವೇ ಪೂರ್ತಿ ಖಾಲಿ ಮಾಡಿ.

ತಪ್ಪು ಪೆನ್ನಿನದೋ, ಇಂಕಿನದೋ?

ಪೆನ್ನು ಕೈಕೊಟ್ಟಾಗ ನಾವು ಮೊದಲು ಬೈಯುವುದು ಪೆನ್ನನ್ನು. ಆದರೆ ಎಷ್ಟೋ ಸಲ ತಪ್ಪು ಬಾಟಲಿಯದ್ದು.

ಇಂಕ್ ಪೆನ್ನಿಗೆ ಬೇಕಾದದ್ದು ಫೌಂಟನ್ ಪೆನ್ ಇಂಕು. ಅದು ಹೆಚ್ಚಾಗಿ ನೀರಿನಲ್ಲಿ ಕರಗಿದ ಬಣ್ಣ. ಚಿತ್ರ ಬರೆಯಲು ಬಳಸುವ ಡ್ರಾಯಿಂಗ್ ಇಂಕು ಅಥವಾ ಇಂಡಿಯನ್ ಇಂಕು ಬೇರೆ. ಅದರಲ್ಲಿ ಅರಗಿನಂಥ ಅಂಟುಪದಾರ್ಥ ಇರುತ್ತದೆ. ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಫೀಡಿನ ಕಾಲುವೆಗಳಲ್ಲಿ ಅದು ಗಟ್ಟಿಯಾದರೆ ಪೆನ್ನಿನ ಕತೆ ಮುಗಿದಂತೆ. ಸ್ಟಾಂಪ್ ಪ್ಯಾಡಿನ ಇಂಕು, ಪ್ರಿಂಟರಿನ ಇಂಕು ಕೂಡ ಪೆನ್ನಿಗೆ ಹೇಳಿದ್ದಲ್ಲ. ಎಲ್ಲ ಶಾಯಿಯೂ ಒಂದೇ ಅಲ್ಲ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಮತ ಹಾಕಿದಾಗ ನಮ್ಮ ಬೆರಳಿಗೆ ಹಚ್ಚುವ ಮೈಸೂರಿನ ಅಳಿಸಲಾಗದ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಅದರ ಕೆಲಸವೇ ಬೇರೆ.

ಎರಡು ಕಂಪನಿಗಳ ಇಂಕು ಬೆರೆಸುವುದೂ ಬೇಡ. ಕೆಲವೊಮ್ಮೆ ಗಸಿ ಕಟ್ಟುತ್ತದೆ.

ಅಕ್ಷರದ ಅಂಚು ಬಲೆಯಂತೆ ಹರಡುತ್ತಿದ್ದರೆ, ಹಾಳೆಯ ಹಿಂಬದಿಗೆ ಇಂಕು ಇಳಿಯುತ್ತಿದ್ದರೆ ಒಮ್ಮೆ ಕಾಗದ ಬದಲಾಯಿಸಿ ನೋಡಿ. ತೆಳುವಾದ, ಇಂಕು ಹೀರುವ ನೋಟ್‌ಬುಕ್ ಹಾಳೆಯಲ್ಲಿ ಲಕ್ಷ ರೂಪಾಯಿಯ ಪೆನ್ನೂ ಹಾಗೆಯೇ ಬರೆಯುತ್ತದೆ.

ಪೆನ್ನು ಬಿಸಾಡುವ ಮುನ್ನ

ಕಪಾಟಿನಲ್ಲಿ ಅಪ್ಪನದೋ ಅಜ್ಜನದೋ ಬರೆಯದ ಪೆನ್ನು ಇದೆಯೇ? ‘ಆ ಕಂಪನಿಯದ್ದು ವೇಸ್ಟ್’ ಎಂದು ಗುಜರಿಗೆ ಹಾಕಬೇಡಿ. ಮೊದಲು ಹೀಗೆ ಮಾಡಿ.

ನಿಬ್ಬಿರುವ ಭಾಗವನ್ನು ಬಿಚ್ಚಿ, ನಿಬ್ಬಿನ ತುದಿ ಮುಳುಗುವಷ್ಟು ತಣ್ಣೀರಿನಲ್ಲಿ ರಾತ್ರಿಯಿಡೀ ಇಡಿ. ಒಣಗಿದ ಇಂಕು ಎಳೆಎಳೆಯಾಗಿ ಬಿಡುವುದು ಕಾಣುತ್ತದೆ. ಬೆಳಿಗ್ಗೆ ನೀರು ಬದಲಾಯಿಸಿ. ನೀರು ತಿಳಿಯಾಗುವ ತನಕ ಹೀಗೆ ಮಾಡಿ. ಹಟ ಮಾಡಿದರೆ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್‌ನ ಒಂದೆರಡು ಹನಿ ಸೇರಿಸಿ, ಆಮೇಲೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಒಣಗಿಸಿ ಒಳ್ಳೆಯ ಇಂಕು ತುಂಬಿ. ಎಷ್ಟೋ ಪೆನ್ನುಗಳು ಇಷ್ಟಕ್ಕೇ ಮಾತಾಡುತ್ತವೆ.

ಹೊಸ ಪೆನ್ನು ತಡೆದು ತಡೆದು ಬರೆಯುತ್ತಿದ್ದರೂ ಇದೇ ಮದ್ದು. ತಯಾರಿಕೆಯ ವೇಳೆ ಉಳಿದ ಎಣ್ಣೆಯ ಜಿಡ್ಡು ಫೀಡಿನಲ್ಲಿದ್ದರೆ ಇಂಕು ಸರಾಗವಾಗಿ ಇಳಿಯುವುದಿಲ್ಲ.

ಮಾಡಬಾರದ ಕೆಲಸಗಳೂ ಇವೆ. ಕುದಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಎಬೊನೈಟ್ ಬಣ್ಣಗೆಡುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವ ಬೇಡವೇ ಬೇಡ, ಅದರಲ್ಲಿರುವ ಅಸಿಟೋನ್ ಹಳೆಯ ಸೆಲ್ಯುಲಾಯ್ಡ್ ಪೆನ್ನನ್ನು ಕರಗಿಸಿಬಿಡುತ್ತದೆ. ನಿಬ್ಬಿನ ಸೀಳಿಗೆ ಬ್ಲೇಡ್ ತೂರಿಸುವ ಹಳೆಯ ಅಭ್ಯಾಸವನ್ನೂ ಬಿಡಿ. ಸೀಳು ಅಗಲವಾದರೆ ಇಂಕಿನ ಹರಿವು ಕೆಡುತ್ತದೆ, ಅದನ್ನು ಮತ್ತೆ ಹೊಂದಿಸುವುದು ಸುಲಭವಲ್ಲ.

ಇನ್ನಷ್ಟು ನಂಬಿಕೆಗಳು: ನಿಜವೋ, ಸುಳ್ಳೋ?

ಬೇರೆಯವರಿಗೆ ಪೆನ್ನು ಕೊಟ್ಟರೆ ನಿಬ್ಬು ಹಾಳಾಗುತ್ತದೆ.
ಬಹುಪಾಲು ಸುಳ್ಳು. ನಿಬ್ಬಿನ ತುದಿ ನಿಮ್ಮ ಕೈಯ ಓರೆಗೆ ತಕ್ಕಂತೆ ಸವೆಯುವುದು ನಿಜ, ಆದರೆ ಅದಕ್ಕೆ ವರ್ಷಗಳು ಬೇಕು. ಬ್ಯಾಂಕಿನಲ್ಲಿ ಯಾರೋ ಒಂದು ಸಹಿ ಹಾಕಿದರೆ ಏನೂ ಆಗುವುದಿಲ್ಲ. ಬಾಲ್ ಪೆನ್ನಿನಂತೆ ಒತ್ತಿ ಬರೆದರೆ ಮಾತ್ರ ನಿಬ್ಬಿನ ಎರಡು ಸೀಳುಗಳು ಅಗಲಿ ಕೆಡಬಹುದು. ಕೊಡುವಾಗ “ಒತ್ತಬೇಡಿ” ಎಂದರೆ ಸಾಕು.

ಇಂಕ್ ಪೆನ್ನಿನಲ್ಲಿ ಬರೆದರೆ ಅಕ್ಷರ ದುಂಡಗಾಗುತ್ತದೆ.
ಅರ್ಧ ನಿಜ. ಬಾಲ್ ಪೆನ್ನಿನಲ್ಲಿ ಗುಂಡು ಉರುಳಲು ಒತ್ತಬೇಕು. ಇಂಕ್ ಪೆನ್ನಿಗೆ ಒತ್ತಡ ಬೇಡ, ಹಾಗಾಗಿ ಕೈ ಹಗುರವಾಗುತ್ತದೆ. ಅಕ್ಷರ ದುಂಡಗಾಗುವುದು ಮಾತ್ರ ಅಭ್ಯಾಸದಿಂದಲೇ.

ಬೆಲೆ ಹೆಚ್ಚಾದಷ್ಟೂ ಪೆನ್ನು ಚೆನ್ನ.
ಒಂದು ಹಂತದವರೆಗೆ ನಿಜ. ಅದಾದ ಮೇಲೆ ಬೆಲೆ ಚಂದಕ್ಕೆ, ಹೆಸರಿಗೆ, ಅಪರೂಪಕ್ಕೆ.

ಅಂಗಡಿಯಲ್ಲಿ ಎರಡು ನಿಮಿಷದ ಪರೀಕ್ಷೆ

ಇಂಕು ತುಂಬುವ ಮೊದಲು ಒಂದು ಮಾತು ಕೇಳಿ: “ಬರೆದು ನೋಡಬಹುದೇ?” ಇಂಕಿಗೆ ಅದ್ದಿ ಬರೆಯಲು ಬಿಡುವ ಅಂಗಡಿಯಾದರೆ ಅರ್ಧ ಗೆದ್ದಂತೆ.

ನಿಬ್ಬನ್ನು ಬೆಳಕಿಗೆ ಹಿಡಿದು ಎದುರಿನಿಂದ ನೋಡಿ. ಸೀಳಿನ ಎರಡೂ ಬದಿ ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಕಾಗದ ಕೀರುವುದು ಖಚಿತ. ಫೀಡು ನಿಬ್ಬಿನ ನಡುವಿಗೆ ನೇರವಾಗಿ ಕೂತಿದೆಯೇ ನೋಡಿ. ಕಾಗದದ ಮೇಲೆ ಮಲಗಿಸಿದ 8 ಬರೆಯಿರಿ. ಆ ಆಕಾರದಲ್ಲಿ ನಿಬ್ಬು ಎಲ್ಲ ದಿಕ್ಕಿಗೂ ಓಡುತ್ತದೆ, ಎಲ್ಲಿ ತಡೆಯುತ್ತದೆ ಎಂಬುದು ಕೈಗೇ ಗೊತ್ತಾಗುತ್ತದೆ. ಒತ್ತದೆ, ಪೆನ್ನಿನ ಭಾರದಲ್ಲೇ ಗೆರೆ ಮೂಡಬೇಕು. ಮುಚ್ಚಳ ಹಾಕಿ ತೆಗೆಯಿರಿ, ಸಡಿಲವಾಗಿ ಅಲ್ಲಾಡಿದರೆ ಬೇಡ.

ಕೊನೆಗೆ ಎರಡು ಪ್ರಶ್ನೆ: ಇದಕ್ಕೆ ಕನ್ವರ್ಟರ್ ಸಿಗುತ್ತದೆಯೇ? ಕೆಟ್ಟರೆ ನಿಬ್ಬು ಬದಲಾಯಿಸಿ ಕೊಡುತ್ತೀರಾ? ಈ ಎರಡಕ್ಕೂ ಸರಿಯಾದ ಉತ್ತರ ಕೊಡುವ ಅಂಗಡಿಯಲ್ಲಿ ಕೊಂಡ ಸಾದಾ ಪೆನ್ನು, ಉತ್ತರ ಕೊಡದ ಕಡೆ ಕೊಂಡ ದೊಡ್ಡ ಹೆಸರಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಫಾರ್ವರ್ಡ್ ಒತ್ತುವ ಮುನ್ನ

‘ಈ ಕಂಪನಿ ಕೊಳ್ಳಬೇಡಿ’ ಎಂಬ ಸಂದೇಶ ಬಂದರೆ ಮೂರು ವಿಷಯ ನೋಡಿ. ಯಾವ ಮಾದರಿ ಎಂದು ಹೇಳಿದೆಯೇ? ಏನು ದೋಷ ಎಂದು ಹೇಳಿದೆಯೇ? ಕೊಂಡದ್ದು ಅಸಲಿಯೇ ಎಂದು ಖಚಿತಪಡಿಸಿಕೊಂಡಿದ್ದಾರೆಯೇ? ಈ ಮೂರೂ ಇಲ್ಲದಿದ್ದರೆ ಅದು ಒಬ್ಬರ ಬೇಸರ ಮಾತ್ರ. ಆ ಬೇಸರ ನಿಜವೇ ಇರಬಹುದು. ಆದರೆ ಲೇತಿನ ಮುಂದೆ ನಿಂತು ದಿನಕ್ಕೆ ಬೆರಳೆಣಿಕೆಯ ಪೆನ್ನು ಕಡೆಯುವ ಸಣ್ಣ ತಯಾರಕರಿಗೆ ಇಂಥ ಒಂದು ಫಾರ್ವರ್ಡ್ ದೊಡ್ಡ ಪೆಟ್ಟಾಗಬಲ್ಲದು.

ಪಟ್ಟಿ ಹಂಚಲೇಬೇಕು ಎನಿಸಿದರೆ ಇಷ್ಟು ಹಂಚಿ: ಹೆಸರಿಲ್ಲದ ‘ಜರ್ಮನ್’ ನಿಬ್ಬು ಬೇಡ. ನಂಬಲಾಗದ ಬೆಲೆಗೆ ಸಿಗುವ ದೊಡ್ಡ ಹೆಸರು ಬೇಡ. ‘ಜಿಪಿ’ ಎಂದಿದ್ದರೆ ಚಿನ್ನದ ಬೆಲೆ ಕೊಡಬೇಡಿ. ಬರೆದು ನೋಡದೆ ಕೊಳ್ಳಬೇಡಿ. ತೊಳೆದು ನೋಡದೆ ಬಿಸಾಡಬೇಡಿ.